ಟೆಸ್ಟರ್ ಯಜಮಾನರು

ಅಡುಗೆಮನೆಯ ಚಿಮ್ನಿ ದೀಪ ಕೆಟ್ಟರೆ ಮೆಕ್ಯಾನಿಕ್‌ಗೆ ಫೋನ್ ಮಾಡಲು ಬಿಡದ ಗೃಹಸ್ಥರನ್ನು ಟೆಸ್ಟರ್ ಯಜಮಾನರು ಎನ್ನಬಹುದು. ಕಡೂರು, ತರೀಕೆರೆ, ಅಜ್ಜಂಪುರ ಮೂರೂ ತಾಲ್ಲೂಕುಗಳಲ್ಲಿ ಇವರಿಗೆ ಬರವಿಲ್ಲ. ವಯಸ್ಸು ಐವತ್ತೈದು ದಾಟಿರುತ್ತದೆ. ಜೀವನಾಧಾರ ಅಡಿಕೆ, ತೆಂಗು, ಇಲ್ಲವೇ ಪಿಂಚಣಿ. ಅಂಗಿಯ ಜೇಬಿನಲ್ಲಿ ಪೆನ್ನಿನ ಪಕ್ಕ ಟೆಸ್ಟರ್ ಇರುತ್ತದೆ. ಲಕ್ಕವಳ್ಳಿಯ ಭದ್ರಾ ಅಣೆಕಟ್ಟೆಯಲ್ಲಿ ಕರೆಂಟ್ ತಯಾರಾಗುವುದರಿಂದ ತರೀಕೆರೆಯ ಯಜಮಾನರು ವಿದ್ಯುತ್ತಿನ ಬಗ್ಗೆ ಊರ ಹುಡುಗನ ಬಗ್ಗೆ ಮಾತಾಡುವಷ್ಟು ಸಲುಗೆಯಿಂದ ಮಾತಾಡುತ್ತಾರೆ. ಅಜ್ಜಂಪುರದವರಿಗೆ ಸಲುಗೆ ಕಡಿಮೆ, ಅನುಮಾನ ಜಾಸ್ತಿ. ಕಡೂರಿನವರಲ್ಲಿ ಎರಡೂ ಇವೆ.

ಕೆಡುವ ವಸ್ತು ಅಂಗೈಯಲ್ಲಿ ಹಿಡಿಯುವಷ್ಟು. ಹಳೆಯ ಚಿಮ್ನಿಗಳಲ್ಲಿ ತಿರುಪಿನ 40 ವ್ಯಾಟ್ ಬಲ್ಬ್, ಆಮೇಲಿನ ಕೆಲವುಗಳಲ್ಲಿ 12 ವೋಲ್ಟಿನ 20 ವ್ಯಾಟ್ ಹ್ಯಾಲೊಜೆನ್, ಈಗಿನವುಗಳಲ್ಲಿ ಒಂದೂವರೆ ಎರಡು ವ್ಯಾಟಿನ ಎಲ್‌ಇಡಿ. ಪರೀಕ್ಷೆಯೂ ಕಷ್ಟದ್ದಲ್ಲ. ಫ್ಯಾನ್ ತಿರುಗುತ್ತಿದ್ದರೆ ಚಿಮ್ನಿಗೆ ಕರೆಂಟ್ ಬರುತ್ತಿದೆ. ಎರಡು ದೀಪಗಳಲ್ಲಿ ಒಂದು ಮಾತ್ರ ಆರಿದ್ದರೆ ದೋಷ ಹೆಚ್ಚಾಗಿ ಬಲ್ಬಿನದು. ಎರಡೂ ಒಟ್ಟಿಗೇ ಆರಿದ್ದರೆ ಸ್ವಿಚ್ಚು, ಒಳಗಿನ ವೈರು, ಟ್ರಾನ್ಸ್‌ಫಾರ್ಮರ್ ಇಲ್ಲವೇ ಡ್ರೈವರ್ ಅನ್ನು ಅನುಮಾನಿಸಬೇಕು. ಒಗ್ಗರಣೆಯ ಜಿಡ್ಡು ಹೋಲ್ಡರಿಗೆ ಮೆತ್ತಿಕೊಳ್ಳುವುದು, ಮೋಟಾರಿನ ಅದುರಾಟಕ್ಕೆ ಬಲ್ಬ್ ಸಡಿಲವಾಗುವುದು ಉಂಟು. ಮೇನ್ ಇಳಿಸಿ, ಬಲ್ಬ್ ತಣ್ಣಗಾದ ಮೇಲೆ ಬಿಚ್ಚಿ, ಹೋಲ್ಡರನ್ನು ಒಣಬಟ್ಟೆಯಲ್ಲಿ ಒರೆಸಿ, ಅದೇ ವೋಲ್ಟಿನ ಹೊಸದನ್ನು ಹಾಕಿ ನೋಡಿದರೆ ಒಂದು ಲೋಟ ಕಾಫಿ ಕುಡಿಯುವಷ್ಟರಲ್ಲಿ ವಿಷಯ ತೀರ್ಮಾನವಾಗುತ್ತದೆ. ಹ್ಯಾಲೊಜೆನ್ನಿನ ಗಾಜನ್ನು ಮಾತ್ರ ಬರಿಗೈಲಿ ಮುಟ್ಟಬಾರದು. ಬೆರಳಿನ ಜಿಡ್ಡು ತಾಗಿದ ಜಾಗ ವಿಪರೀತ ಕಾದು ಅದರ ಆಯಸ್ಸು ತಗ್ಗುತ್ತದೆ.

ಯಜಮಾನರಿಗೆ ಇದೆಲ್ಲ ಗೊತ್ತು. ಆದರೂ ಬಲ್ಬನ್ನು ಅವರು ಕೊನೆಗೆ ಉಳಿಸಿಕೊಳ್ಳುತ್ತಾರೆ. ಬಲ್ಬೇ ಸುಟ್ಟಿದೆ ಎಂದಾಗಿಬಿಟ್ಟರೆ ತನಿಖೆ ಅಲ್ಲಿಗೇ ಮುಗಿಯಿತಲ್ಲ! ಹಾಗಾಗಿ ತನಿಖೆ ಬೀದಿಯ ಕಂಬದಿಂದ ಶುರುವಾಗುತ್ತದೆ. ಎದುರುಮನೆಯಲ್ಲಿ ವೋಲ್ಟೇಜ್ ಹೇಗಿದೆ ಎಂದು ಕೂಗಿ ಕೇಳುವುದು, ಮೀಟರ್ ಬೋರ್ಡಿನ ಮುಂದೆ ಕೈಕಟ್ಟಿ ನಿಲ್ಲುವುದು, ದೇವರ ಮನೆಯ ಸ್ವಿಚ್ಚನ್ನೂ ಹಾಕಿ ತೆಗೆದು ನೋಡುವುದು, ಇವೆಲ್ಲ ಆದ ಮೇಲೆ ಅಡುಗೆಮನೆಗೆ ಪ್ರವೇಶ.

ಈ ಹಂತದಲ್ಲಿ ಟಾರ್ಚ್ ಹಿಡಿಯುವವನು ಬೇಕಾಗುತ್ತಾನೆ. ಸಾಮಾನ್ಯವಾಗಿ ಹಬ್ಬಕ್ಕೆ ಬಂದ ಭಾಮೈದ. ತರೀಕೆರೆ ಏರಿಯ ಕುರಿಮರಿಗಳನ್ನು ನಾಲಿಗೆ ತೊಡರದೆ ಒಪ್ಪಿಸಬಲ್ಲವನಾದರೂ ಆ ಹೊತ್ತಿನಲ್ಲಿ ಅವನಿಗೆ ಎಡಬಲ ತಿಳಿಯದು ಎಂದೇ ಲೆಕ್ಕ. “ಇಲ್ಲಿ ಬಿಡಯ್ಯ, ನನ್ ಕಣ್ಣಿಗಲ್ಲ” ಎಂಬುದು ಅವನಿಗೆ ಸಿಗುವ ಮುಖ್ಯ ಸೂಚನೆ. ಅವನೇನಾದರೂ ಪತ್ರಿಕೆಗೆ ನಾಲ್ಕು ಸಾಲು ಬರೆಯುವವನಾದರೆ “ಬರೆಯೋದಲ್ಲ ಇದು, ನೆಟ್ಟಗೆ ಹಿಡಿ” ಎಂಬ ಮಾತೂ ಸೇರುತ್ತದೆ. ಮಾತಿನಲ್ಲಿ ನ್ಯಾಯವಿಲ್ಲ ಎನ್ನುವಂತಿಲ್ಲ. ಅಂಥವರ ಕೈ ಬೇಗ ಸೋಲುತ್ತದೆ.

ಅಜ್ಜಂಪುರದ ಒಂದು ಮನೆಯ ಪ್ರಕರಣ ಉದಾಹರಣೆಗೆ ಸಾಕು. ಗೌರಿಹಬ್ಬದ ಹಿಂದಿನ ಸಂಜೆ, ಒಲೆಯ ಮೇಲೆ ಹೂರಣದ ಬೇಳೆ ಅರ್ಧ ಬೆಂದಿದೆ. ಚಿಮ್ನಿಯ ಬಲಗಡೆಯ ದೀಪ ಆರಿತು, ಎಡಗಡೆಯದು ಉರಿಯುತ್ತಲೇ ಇತ್ತು. ಯಜಮಾನರು ಒಲೆ ಆರಿಸಿ ಸ್ಟೂಲ್ ಹತ್ತಿ, ಬಲ್ಬ್ ಕಿತ್ತು ಮಸಾಲೆ ಡಬ್ಬಿಯ ಮೇಲಿಟ್ಟು, ಹೋಲ್ಡರಿಗೆ ಟೆಸ್ಟರ್ ಇಟ್ಟರು. ಅದು ಉರಿಯಲಿಲ್ಲ. ಉರಿಯುವುದೂ ಇಲ್ಲ: ಹ್ಯಾಲೊಜೆನ್ನಿನ 12 ವೋಲ್ಟಿಗೆ ಟೆಸ್ಟರಿನೊಳಗಿನ ನಿಯಾನ್ ದೀಪ ಕಣ್ಣು ಬಿಡುವುದಿಲ್ಲ. 230 ವೋಲ್ಟಿನ ಕಡೆಯಲ್ಲೂ ಅದು ಹೇಳುವುದು ಫೇಸ್ ಇದೆ ಎಂಬುದನ್ನಷ್ಟೇ. ನ್ಯೂಟ್ರಲ್ ಕಡಿದುಹೋಗಿದ್ದರೂ ಜಂಬದಿಂದ ಉರಿಯುತ್ತಿರುತ್ತದೆ. ಯಜಮಾನರ ತೀರ್ಪು ಮಾತ್ರ ಆಗಲೇ ಬಂದಿತ್ತು. “ಒಳಗೆ ವೈರ್ ಹೋಗಿದೆ.”

“ರೀ, ಬಲ್ಬ್ ಒಂದ್ಸಲ ಬದಲಾಯಿಸಿ ನೋಡ್ರೀ.”

“ನಿಂಗೆ ಎಲ್ಲಾದ್ಕೂ ಬಲ್ಬೇ ಕಣೇ.”

ಪೇಟೆಯ ಎಲೆಕ್ಟ್ರಿಕಲ್ಸ್ ಅಂಗಡಿಯವನು ಹಳೇ ಬಲ್ಬ್ ತಂದಿದ್ದೀರಾ ಎಂದು ಕೇಳಿದ. ಸರಿಯಾದ ಪ್ರಶ್ನೆ, ಪಿನ್ನಿನ ಅಂತರ, ವೋಲ್ಟ್, ವ್ಯಾಟ್ ಎಲ್ಲಕ್ಕೂ ಹಳೆಯದೇ ಸಾಕ್ಷಿ. ಬಲ್ಬಿಗೇನೂ ಆಗಿಲ್ಲ ಎಂದು ಉತ್ತರ ಕೊಟ್ಟು ಯಜಮಾನರು ಒಂದು ಸುರುಳಿ ವೈರು ತಂದರು. ಆ ರಾತ್ರಿ ಚಿಮ್ನಿಯ ಹೊಟ್ಟೆಯೊಳಗಿನದೆಲ್ಲ ಗ್ರಾನೈಟ್ ಕಟ್ಟೆಯ ಮೇಲೆ ಬಂತು. ಬೇಳೆ ಹಿತ್ತಲ ಸೌದೆ ಒಲೆಯಲ್ಲಿ ಬೆಂದಿತು.

ಉಳಿದ ಲಕ್ಷಣಗಳು ಸಣ್ಣವು. ಹಾರ್ಲಿಕ್ಸ್ ಬಾಟಲಿಯಲ್ಲಿ ಯಾವ ಯಂತ್ರದವೋ ತಿಳಿಯದ ಸ್ಕ್ರೂಗಳು, ಹಲ್ಲಿನಲ್ಲೇ ವೈರಿನ ಸಿಪ್ಪೆ ಸುಲಿಯುವ ಅಭ್ಯಾಸ, ವಾರಂಟಿ ಕಾರ್ಡಿನ ಬಗ್ಗೆ ತಾತ್ಸಾರ.

ಒಂದು ಕಾಲದಲ್ಲಿ ಊರಿಗೆ ಇವರು ಬೇಕಾಗಿದ್ದರು ಎಂಬುದನ್ನೂ ದಾಖಲಿಸಬೇಕು. ಪಿಂಗಾಣಿ ಫ್ಯೂಸಿನ ದಿನಗಳಲ್ಲಿ ಮಳೆಗಾಲದ ರಾತ್ರಿ ಯಾರ ಮನೆಯ ಫ್ಯೂಸ್ ಹೋದರೂ ಇವರು ಕೊಡೆ ಹಿಡಿದು ಹೋಗಿ, ತಂತಿಯ ಎಳೆ ಸುತ್ತಿ ದೀಪ ಹತ್ತಿಸಿ ಬರುತ್ತಿದ್ದರು. ಇಸ್ತ್ರಿಪೆಟ್ಟಿಗೆಯ ಕಾಯಿಲ್, ರೇಡಿಯೊದ ಡಯಲ್ ದಾರ, ಪಂಪ್‌ಸೆಟ್ಟಿನ ಸ್ಟಾರ್ಟರ್ ಎಲ್ಲವೂ ಬಿಚ್ಚಿದರೆ ಬಿಚ್ಚುವಂಥವು, ಒಳಗೆ ಕಣ್ಣಿಗೆ ಕಾಣುವ ದೋಷ ಇರುವಂಥವು. ಈಗಿನ ಎಷ್ಟೋ ಚಿಮ್ನಿಗಳ ಎಲ್‌ಇಡಿ ಮೊಹರು ಹಾಕಿದ ಬಿಲ್ಲೆ. ಕೆಟ್ಟರೆ ಇಡಿಯಾಗಿ ಹೊಸದು ಹಾಕಬೇಕು. ಸ್ವಿಚ್ಚೂ ಗಾಜಿನ ಮೇಲೆ ಬೆರಳು ಸವರುವ ಜಾಗವಾಗಿದೆ. ಯಜಮಾನರು ಅದರ ಮುಂದೆ ಸ್ಕ್ರೂಡ್ರೈವರ್ ಹಿಡಿದು ನಿಂತರೆ ತಿರುಗಿಸಲು ಒಂದು ತಿರುಪೂ ಕಾಣುವುದಿಲ್ಲ. ಟಾರ್ಚ್ ಹಿಡಿದವನಿಗೆ ಆಗ ಕೈನೋವು ಮರೆಯುವುದುಂಟು.

ಯಜಮಾನರ ಉಪಾಯಗಳಿಗೆ ಮಣಿಯದ ದೀಪ ಸಾಮಾನ್ಯವಾಗಿ ಅವರು ಮನೆಯಲ್ಲಿಲ್ಲದಾಗ ಹತ್ತುತ್ತದೆ. ಅಜ್ಜಂಪುರದ ಮನೆಯಲ್ಲೂ ಹಾಗೇ ಆಯಿತು. ಹಬ್ಬ ಕಳೆದ ವಾರ ಯಜಮಾನರು ಬೀರೂರಿಗೆ ಮದುವೆಗೆ ಹೋಗಿದ್ದಾಗ ಮನೆಯಾಕೆ ಸಾಸಿವೆ ಡಬ್ಬಿಯ ಹಿಂದಿನಿಂದ ಹೊಸ ಬಲ್ಬ್ ತೆಗೆದು, ಮೇನ್ ಇಳಿಸಿ, ಸೆರಗಿನಲ್ಲಿ ಹಿಡಿದು ಸಿಕ್ಕಿಸಿದರು. ದೀಪ ಹತ್ತಿತು. ಸಂಜೆ ಯಜಮಾನರು ಬಂದು ಎರಡೂ ದೀಪ ಉರಿಯುವುದನ್ನು ನೋಡಿ ತಲೆದೂಗಿದರು.

“ಅವತ್ತು ವೈರ್ ಬಿಗಿ ಮಾಡಿದ್ನಲ್ಲ, ಈಗ ಕಚ್ಕೊಂಡಿದೆ ನೋಡು.”

“ಹೌದ್ರೀ” ಎಂದು ಮನೆಯಾಕೆ ಕಾಫಿಗೆ ಹಾಲಿಟ್ಟರು.