ಥರ್ಮಾಮೀಟರ್ ಪಳಗಿಸುವ ವಿಧಾನ

ಈ ಕೈಪಿಡಿ ಬೆಂಗಳೂರಿನ ಕಾಲೇಜು ಲ್ಯಾಬುಗಳಿಗೆ. ಮಂಗಳೂರಿನವರು ಹಬೆಯ ಭಾಗ ಓದಬೇಕಿಲ್ಲ, ಅವರಿಗೆ ಸಮುದ್ರವೇ ಕಾಪಿ ಹೊಡೆಯಲು ಬಿಡುತ್ತದೆ.

ಬೇಕಾಗುವ ಸಾಮಾನು: ಪಾದರಸದ ಥರ್ಮಾಮೀಟರ್, ಐಸು, ಬೀಕರು, ಗ್ಯಾಸ್ ಬರುವ ಬರ್ನರು, ನ್ಯಾಫ್ತಲೀನ್ ಗುಳಿಗೆ, ಸ್ಟಾಪ್‌ವಾಚು, ಗ್ರಾಫ್ ಹಾಳೆ, ರಬ್ಬರು. ರಬ್ಬರು ಮಾತ್ರ ಹೊಸದಿರಲಿ, ಮಿಕ್ಕಿದ್ದು ಹಳೆಯದಾದರೂ ನಡೆದೀತು. ಸೀನಿಯರ್ ಒಬ್ಬರ ಹಳೆ ರೆಕಾರ್ಡನ್ನು ಈ ಪಟ್ಟಿಯಲ್ಲಿ ಯಾರೂ ಸೇರಿಸುವುದಿಲ್ಲ. ಅದಿಲ್ಲದೆ ಪ್ರಯೋಗ ಮುಗಿದದ್ದನ್ನು ನಾನಂತೂ ಕಂಡಿಲ್ಲ.

ಮೊದಲು ಥರ್ಮಾಮೀಟರನ್ನು ಬೆಳಕಿಗೆ ಹಿಡಿದು, ಪಾದರಸದ ಎಳೆ ನಡುವೆ ತುಂಡಾಗಿದೆಯೇ ನೋಡಿ. ಜ್ವರ ನೋಡುವ ಕಡ್ಡಿಯಂತೆ ಇದನ್ನು ಕೊಡವಬೇಡಿ. ಕೊಡವಿದರೆ ಇಳಿಯುವುದು ಪಾದರಸವಲ್ಲ, ಜೇಬಿನಿಂದ ಬ್ರೇಕೇಜ್ ದುಡ್ಡು. ಒಡೆದೇ ಹೋದರೆ ಮಣಿಗಳನ್ನು ಅಂಗೈಯಲ್ಲಿ ಉರುಳಿಸಿ ಆಡಬೇಡಿ. ಅದರ ಆವಿ ವಿಷ. ಸಾಲದ್ದಕ್ಕೆ ಬೆರಳಲ್ಲಿ ಚಿನ್ನದ ಉಂಗುರವಿದ್ದರೆ ಬೆಳ್ಳಗೆ ತಿರುಗುತ್ತದೆ. ಆಮೇಲೆ ಅಮ್ಮನಿಗೆ ಏನು ಹೇಳಬೇಕೆಂಬುದು ಸಿಲಬಸ್ಸಿನಲ್ಲಿಲ್ಲ. ಕಿಟಕಿ ತೆರೆದು, ಗಂಧಕದ ಪುಡಿ ಉದುರಿಸಿ, ಅಟೆಂಡರನ್ನು ಕರೆಯಿರಿ.

ಸೊನ್ನೆ ಹಿಡಿಯುವುದು: ಫ್ರೀಜರಿನಿಂದ ಆಗಷ್ಟೇ ತೆಗೆದ ಐಸಿನಲ್ಲಿ ಸೊನ್ನೆ ಇರುವುದಿಲ್ಲ. ಅದು ಸೊನ್ನೆಗಿಂತ ಹತ್ತು ಹದಿನೈದು ಡಿಗ್ರಿ ಕೆಳಗೆ ಬಿಗಿದುಕೊಂಡು ಕೂತಿರುತ್ತದೆ. ಕುಟ್ಟಿ, ಡಿಸ್ಟಿಲ್ಡ್ ವಾಟರ್ ಚಿಮುಕಿಸಿ, ಚೂರುಗಳ ಬಿಳುಪು ಹೋಗಿ ಗಾಜಿನಂತೆ ಒದ್ದೆಯಾಗುವವರೆಗೆ ಕಾಯಿರಿ. ಐಸೂ ನೀರೂ ಒಂದೇ ಮನೆಯಲ್ಲಿ ಸಂಸಾರ ಹೂಡಿದಾಗ ಮಾತ್ರ ಅಲ್ಲಿ ಸೊನ್ನೆ. ಕ್ಯಾಂಟೀನಿನಲ್ಲಿ ನಿಂಬೆ ಷರಬತ್ತು ತಣ್ಣಗಿಡುವ ಡಬ್ಬದಿಂದ ಐಸು ತರಬೇಡಿ. ಉಪ್ಪು, ಸಕ್ಕರೆ ಬೆರೆತರೆ ಪಾದರಸ ಸೊನ್ನೆಯ ಗೆರೆ ದಾಟಿ ಕೆಳಗಿಳಿಯುತ್ತದೆ.

ಸೊನ್ನೆ ಯಾವ ತುದಿಗೆ ಎಂದು ಗೊಂದಲವಾದರೆ ನಾಚಬೇಡಿ. 1742ರಲ್ಲಿ ಸ್ವತಃ ಆಂಡರ್ಸ್ ಸೆಲ್ಸಿಯಸ್ ಕುದಿಯುವ ನೀರಿಗೆ ಸೊನ್ನೆ, ಕರಗುವ ಮಂಜಿಗೆ ನೂರು ಎಂದೇ ಬರೆದಿದ್ದ. ಉಪ್ಸಾಲಾದಲ್ಲಿ ಅದನ್ನು ತಿರುಗಿಸಿ ನಿಲ್ಲಿಸಿದ್ದು 1744ರಲ್ಲಿ ಅವನು ತೀರಿಕೊಂಡ ಮೇಲೆ.

ನೂರು ಹಿಡಿಯುವುದು: ಹಿಡಿಯಲಾಗದು. ನೀರು ಕೊತಕೊತ ಕುದಿಯುತ್ತಿದ್ದರೂ ಪಾದರಸ 97ರ ಹತ್ತಿರ ಬಂದು ಮೊಂಡು ಹಿಡಿಯುತ್ತದೆ. ಬರ್ನರನ್ನು ಎಷ್ಟೇ ಜೋರು ಮಾಡಿದರೂ ನೀರು ಬೇಗ ಆರೀತೇ ಹೊರತು ಪಾದರಸ ಮೇಲೇರದು. ನಾವಿರುವುದು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ. ಗಾಳಿಯ ಒತ್ತಡ 760 ಮಿಲಿಮೀಟರ್ ಇರಬೇಕಾದಲ್ಲಿ 685ರ ಆಸುಪಾಸು ಇರುತ್ತದೆ. ಒತ್ತಡ ಇಪ್ಪತ್ತೇಳು ಮಿಲಿಮೀಟರ್ ಇಳಿದರೆ ಕುದಿಬಿಂದು ಸುಮಾರು ಒಂದು ಡಿಗ್ರಿ ಇಳಿಯುತ್ತದೆ. ಲೆಕ್ಕ ಹಾಕಿ, 97 ಬರುತ್ತದೆ. ಬೆಂಗಳೂರಿನಲ್ಲಿ ನೀರು ನೂರಕ್ಕೆ ಕುದಿಯುವುದು ರೆಕಾರ್ಡ್ ಪುಸ್ತಕದಲ್ಲಿ ಮಾತ್ರ.

ಬುರುಡೆಯನ್ನು ನೀರಿನಲ್ಲಿ ಮುಳುಗಿಸದೆ ಹಬೆಯಲ್ಲಿ ನಿಲ್ಲಿಸಿ. ಕುದಿವ ನೀರು ಪಾತ್ರೆಗೊಂದು ಬುದ್ಧಿ ತೋರಿಸುತ್ತದೆ, ಹಬೆ ಅಷ್ಟು ಚಂಚಲವಲ್ಲ. 1777ರಲ್ಲೇ ಲಂಡನ್ನಿನ ರಾಯಲ್ ಸೊಸೈಟಿ ಕ್ಯಾವೆಂಡಿಷ್ ನೇತೃತ್ವದಲ್ಲಿ ಸಮಿತಿ ಕೂರಿಸಿ, ಹಬೆಯಲ್ಲಿ ಅಳೆಯಿರಿ, ಬ್ಯಾರೋಮೀಟರ್ ನೋಡಿಕೊಳ್ಳಿ ಎಂದು ಹೇಳಿಸಿತ್ತು. ನಮ್ಮ ಲ್ಯಾಬಿನಲ್ಲೂ ಬ್ಯಾರೋಮೀಟರ್ ಇತ್ತು. ಅದರ ಮೊಳೆಗೆ ಅಟೆಂಡರ್ ಊಟದ ಚೀಲ ನೇತುಹಾಕುತ್ತಿದ್ದರು.

ಈಗ ನಿಮ್ಮ ಕಡ್ಡಿ ಐಸಿನಲ್ಲಿ 1, ಹಬೆಯಲ್ಲಿ 97 ತೋರಿಸಿತೆನ್ನಿ. ಮೇಲೆ ಸತ್ಯಹರಿಶ್ಚಂದ್ರ, ಕೆಳಗೆ ಸುಳ್ಳುಗಾರ. 97 ಡಿಗ್ರಿಯ ಹಾದಿಯನ್ನು ಅದು 96 ಮನೆಗಳಲ್ಲಿ ಮುಗಿಸಿದೆ. ಹಾಗಾಗಿ ಅದು 80 ಎಂದರೆ, 1 ಕಳೆದು 97ರಿಂದ ಗುಣಿಸಿ 96ರಿಂದ ಭಾಗಿಸಿ: ನಿಜ 79.8. ಓದುವಾಗ ಕಣ್ಣು ಪಾದರಸದ ಮಟ್ಟಕ್ಕಿರಲಿ. ಜೊತೆಗಾರ ಆರಡಿ ಎತ್ತರದವನಾದರೆ ಅವನನ್ನು ಬಗ್ಗಿಸಿ.

ಆರಿಸುವುದು: ಪಳಗಿದ ಕಡ್ಡಿಗೆ ಈಗ ಪರೀಕ್ಷೆ. ಗುಳಿಗೆಗಳನ್ನು ಪ್ರನಾಳದಲ್ಲಿ ಹಾಕಿ ಬಿಸಿನೀರಿನಲ್ಲಿಟ್ಟು ಕರಗಿಸಿ. ನೇರ ಉರಿಗೆ ಹಿಡಿದರೆ ಆವಿ ಹೊತ್ತಿಕೊಳ್ಳುತ್ತದೆ. 90 ದಾಟಿದ ಮೇಲೆ ಹೊರತೆಗೆದು, ಅರ್ಧ ನಿಮಿಷಕ್ಕೊಮ್ಮೆ ಬರೆಯುತ್ತಾ ಹೋಗಿ. ಮೊದಲು ದಡದಡ ಇಳಿಯುತ್ತದೆ, ಆಮೇಲೆ ನಿಧಾನ: ಸುತ್ತಲಿನ ಗಾಳಿಗಿಂತ ಎಷ್ಟು ಹೆಚ್ಚು ಬಿಸಿಯೋ ಅಷ್ಟು ಅವಸರ. ನ್ಯೂಟನ್ ಇದನ್ನು 1701ರಲ್ಲಿ ಹೆಸರು ಹಾಕದೆ ಅಚ್ಚು ಮಾಡಿಸಿದ. ಅವನು ಕಾದ ಕಬ್ಬಿಣವನ್ನು ಇಟ್ಟದ್ದು ಒಂದೇ ಸಮ ಬೀಸುವ ಗಾಳಿಯಲ್ಲಿ. ಆದ್ದರಿಂದ ಫ್ಯಾನ್ ತಿರುಗುತ್ತಿದ್ದರೆ ಕೊನೆತನಕ ತಿರುಗಲಿ. ಈ ಸೂಚನೆ ಕರೆಂಟಿಗೆ ತಲುಪಿರುವುದಿಲ್ಲ.

ನ್ಯಾಫ್ತಲೀನ್ ಗಟ್ಟಿಯಾಗುವ 80ರ ಹತ್ತಿರ ತಾಳ್ಮೆ ಬೇಕು. ಪಾದರಸ ಕೆಲವೊಮ್ಮೆ 79ಕ್ಕೆ ಜಾರಿ, ತಪ್ಪಾಯಿತೆಂಬಂತೆ ಮತ್ತೆ ಮೇಲೆ ಬರುತ್ತದೆ. ಅಷ್ಟರಲ್ಲಿ ಗಾಜಿನ ಒಳಗೋಡೆಗೆ ಬಿಳಿ ಗರಿ ಮೂಡಿ, ಇನ್ನೊಂದು ಗರಿ ಅದನ್ನು ಹಾಯುತ್ತದೆ. ನಿಮಿಷಗಟ್ಟಲೆ ಸಂಖ್ಯೆ ಅಲುಗುವುದಿಲ್ಲ. ಗಟ್ಟಿಯಾಗುವಾಗ ಹೊರಬರುವ ಗುಪ್ತೋಷ್ಣ, ಹೊರಗೆ ಸೋರುವ ಶಾಖವನ್ನು ತುಂಬಿಕೊಡುತ್ತಿರುತ್ತದೆ. ಹುಡುಗರು ಕಾಫಿಗೆ ಹೋಗುವುದು ಸರಿಯಾಗಿ ಆಗಲೇ. ಕೊನೆಗೆ ಕಡ್ಡಿ ಗಟ್ಟಿಯಲ್ಲಿ ಸಿಕ್ಕಿಕೊಂಡರೆ ಎಳೆಯಬೇಡಿ, ಮತ್ತೆ ಬಿಸಿನೀರಿಗೆ ಇಳಿಸಿ.

ಗ್ರಾಫಿನ ಗೆರೆ 80ರಲ್ಲಿ ನಿಲ್ಲದಿದ್ದರೆ? ನಮ್ಮದು 53ರಲ್ಲಿ ನಿಂತಿತು. ಲ್ಯಾಬಿನ ಡಬ್ಬ ಖಾಲಿಯಾಗಿ, ಎದುರಿನ ಅಂಗಡಿಯಿಂದ ನಾನೇ ಗುಳಿಗೆ ತಂದಿದ್ದೆ. ಅದೇ ಬಿಳುಪು, ಹೆಚ್ಚುಕಡಿಮೆ ಅದೇ ವಾಸನೆ. ನಾಲ್ಕು ಜನ ಸುತ್ತ ನಿಂತು ನೋಡಿದೆವು: 53, 53, ಮತ್ತೆ 53. ಸೀನಿಯರ್ ರೆಕಾರ್ಡಿನಲ್ಲಿ 80 ಇತ್ತು. ಕಡ್ಡಿ ಕೆಟ್ಟಿದೆ ಎಂದು ತೀರ್ಮಾನಿಸಿ, ರಬ್ಬರಿನಿಂದ ಉಜ್ಜಿ, 80ರಲ್ಲಿ ಚೆಂದದ ಅಡ್ಡಗೆರೆ ಎಳೆದೆವು. ಅಂಗಡಿಯ ಗುಳಿಗೆ ನ್ಯಾಫ್ತಲೀನ್ ಅಲ್ಲ, ಬಚ್ಚಲಿಗೆ ಹಾಕುವ ಪ್ಯಾರಾಡೈಕ್ಲೋರೋಬೆಂಜೀನ್ ಇರಬೇಕು ಎಂದು ಹೊಳೆದದ್ದು ವರ್ಷಗಳ ಮೇಲೆ. ಅದು ಕರಗುವುದು 53ರಲ್ಲೇ.

ಆ ರೆಕಾರ್ಡು ಅಟ್ಟದ ಮೇಲಿದೆ. ಹತ್ತಕ್ಕೆ ಒಂಬತ್ತು ಕೊಟ್ಟ ಕೆಂಪು ಶಾಯಿ ಮಾಸಿದೆ. ಗ್ರಾಫ್ ಹಾಳೆ ಒಂದು ಕಡೆ ಉಜ್ಜಿ ಉಜ್ಜಿ ತೆಳುವಾಗಿದೆ. ಕಿಟಕಿಗೆ ಹಿಡಿದರೆ ಅಲ್ಲಿ ಪೆನ್ಸಿಲಿನ ಹನ್ನೊಂದು ಚುಕ್ಕಿ ಸಾಲಾಗಿ ಕಾಣುತ್ತವೆ.