ಸ್ಥಾವರ-ಜಂಗಮ ನಿರ್ಣಯ: ಬಿಟ್ಟುಬಂದ ಕಂಪನಿಯಲ್ಲಿ ಉಳಿದುಹೋದ ನಿವೃತ್ತಿ ಹಣದ ಮೀಮಾಂಸೆ

ಶಾಸ್ತ್ರಗ್ರಂಥವೆಂದ ಮೇಲೆ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ನಾಲ್ಕನ್ನು ಮೊದಲೇ ಹೇಳಿಬಿಡಬೇಕೆಂಬುದು ಹಿರಿಯರ ಕಟ್ಟಳೆ. ಹೇಳಿಬಿಡುತ್ತೇವೆ. ಈ ಗ್ರಂಥಕ್ಕೆ ಅಧಿಕಾರಿ ಯಾರೆಂದರೆ, ಅಮೆರಿಕದಲ್ಲಿ ಕಡೇಪಕ್ಷ ಒಂದು ಕಂಪನಿ ಬಿಟ್ಟು ಇನ್ನೊಂದಕ್ಕೆ ಹಾರಿದವನು, ಹಾರುವ ಭರದಲ್ಲಿ ಹಳೆಯ ಖಾತೆಯ ಪಾಸ್‌ವರ್ಡ್ ಮರೆತವನು, ಮರೆತವರಿಗೆ ಹೊಸ ಪಾಸ್‌ವರ್ಡ್ ಕಳಿಸುವ ಈಮೇಲ್ ವಿಳಾಸವೂ ಆ ಹಳೆಯ ಕಂಪನಿಯದೇ ಆಗಿರುವವನು. ವಿಷಯ: ಅಲ್ಲಿ ಉಳಿದುಹೋದ 401(ಕೆ) ಖಾತೆ. ಸಂಬಂಧ: ಕಡಿದುಹೋಗಿದೆ. ಪ್ರಯೋಜನ: ಆ ಹಣವನ್ನು ಐಆರ್‌ಎ ಎಂಬ ಸ್ವಂತ ಖಾತೆಗೆ, ದಾರಿಯುದ್ದಕ್ಕೂ ಕೈಯೊಡ್ಡಿ ನಿಂತವರಿಗೆ ದಕ್ಷಿಣೆ ತೆರದೆ, ಸಾಗಿಸುವುದು.

ಇನ್ನು ಇತಿಹಾಸ. ಸೆಕ್ಷನ್ನಿನ ನಂಬರೇ ಹೆಸರಾಗಿಬಿಡುವ ಸಂಪ್ರದಾಯ ನಮಗೇನೂ ಹೊಸದಲ್ಲ. ದಂಡಸಂಹಿತೆಯೇ ಬದಲಾಗಿ ಹೋದರೂ ನಮ್ಮ ಊರುಗಳ 420ಗಳು 420ಗಳಾಗಿಯೇ ಉಳಿದಿದ್ದಾರೆ. ಅಮೆರಿಕದವರು ಆ ಗೌರವವನ್ನು ಮುಪ್ಪಿಗೆ ಕೊಟ್ಟರು. 1978ರ ರೆವಿನ್ಯೂ ಆಕ್ಟ್‌ಗೆ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದಾಗ ತೆರಿಗೆ ಸಂಹಿತೆಯ 401ನೇ ಸೆಕ್ಷನ್ನಿಗೆ 'ಕೆ' ಎಂಬ ಉಪವಿಭಾಗ ಬಾಲದಂತೆ ಅಂಟಿಕೊಂಡಿತು. ಕೋಟ್ಯಂತರ ಜನರ ಮುಪ್ಪು ಆ ಬಾಲಕ್ಕೆ ಜೋತುಬೀಳುತ್ತದೆಂದು ಆಗ ಯಾರೂ ಎಣಿಸಿರಲಿಲ್ಲ. 1980ರಲ್ಲಿ ಪೆನ್ಸಿಲ್ವೇನಿಯಾದ ಟೆಡ್ ಬೆನ್ನಾ ಎಂಬ ಸಲಹೆಗಾರ ಅದನ್ನು ಭಾಷ್ಯಕಾರನ ಕಣ್ಣಿನಿಂದ ಓದಿದ. ನೌಕರ ತನ್ನ ಸಂಬಳದಿಂದಲೇ ತೆರಿಗೆಗೆ ಮುಂಚೆ ಹಣ ಹಾಕಬಹುದು, ಕಂಪನಿ ಅದಕ್ಕೊಂದಿಷ್ಟು ಸೇರಿಸಬಹುದು ಎಂಬ ಅರ್ಥ ಹೊರಟಿತು. ಮೂಲದಲ್ಲಿ ಹೀಗೆಂದು ಬಿಡಿಸಿ ಬರೆದಿರಲಿಲ್ಲ. ಕೂಡದು ಎಂದೂ ಬರೆದಿರಲಿಲ್ಲ. ಭಾಷ್ಯಕಾರರಿಗೆ ಇಷ್ಟು ಸಂದು ಧಾರಾಳ ಸಾಕು. ತಾನು ಹುಟ್ಟಿಸಿದ್ದು ವಿಪರೀತ ಜಟಿಲವಾಗಿ ಬೆಳೆದುಬಿಟ್ಟಿತೆಂದು ಬೆನ್ನಾ ಮುಂದೆ ಬಹಿರಂಗವಾಗಿ ಪೇಚಾಡಿದ್ದುಂಟು. ಭಸ್ಮಾಸುರನ ಕಥೆ ಪೆನ್ಸಿಲ್ವೇನಿಯಾದಲ್ಲಿ ಪ್ರಚಾರದಲ್ಲಿರಲಿಲ್ಲ.

ಐಆರ್‌ಎ ಇದಕ್ಕಿಂತ ಹಿರಿಯದು. 1974ರ ಸೆಪ್ಟೆಂಬರ್ 2ರಂದು ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಸಹಿ ಹಾಕಿದ ಎರಿಸಾ ಎಂಬ ನಿವೃತ್ತಿ ಯೋಜನೆಗಳ ಕಾಯ್ದೆಯ ಕೂಸು ಅದು. ಅಂದು ಲೇಬರ್ ಡೇ. ಅಕ್ಕ ವಿಶ್ವ ಕನ್ನಡ ಸಮ್ಮೇಳನವೂ ಸಾಮಾನ್ಯವಾಗಿ ಲೇಬರ್ ಡೇ ವಾರಾಂತ್ಯದಲ್ಲೇ ನಡೆಯುವುದನ್ನು ನೋಡಿದರೆ, ಅಮೆರಿಕನ್ನಡಿಗರಿಗೂ ನಿವೃತ್ತಿ ಹಣಕ್ಕೂ ಏನೋ ಋಣಾನುಬಂಧವಿದೆಯೆಂದು ಒಬ್ಬ ಸಂಶೋಧಕ ವಾದಿಸಬಹುದು. ಸದ್ಯಕ್ಕೆ ಆ ಸಂಶೋಧಕರು ನಾವೊಬ್ಬರೇ.

ಕಂಪನಿ ಬಿಟ್ಟವನ ಖಾತೆಯನ್ನು ಏನು ಮಾಡಬೇಕು? ಮೂರು ಪಂಥಗಳಿವೆ. ಮೊದಲನೆಯದು ಚಾರ್ವಾಕರದು: ಒಡೆದು, ನಗದು ಮಾಡಿ, ಟೆಸ್ಲಾ ಕೊಂಡುಕೋ. ಐವತ್ತೊಂಬತ್ತೂವರೆ ವರ್ಷ ತುಂಬದವನು ಹೀಗೆ ಮಾಡಿದರೆ ಆದಾಯ ತೆರಿಗೆಯ ಜೊತೆಗೆ ಶೇ. 10ರ ದಂಡವನ್ನೂ ಕಟ್ಟಬೇಕು. ವಿನಾಯಿತಿಗಳುಂಟು, ಆದರೆ ಕಾರು ಅವುಗಳಲ್ಲಿಲ್ಲ. ಆ ಅರ್ಧ ವರ್ಷ ಎಲ್ಲಿಂದ ಬಂತೆಂಬ ಚರ್ಚೆ ಗ್ರಂಥ ಬೆಳೆದೀತೆಂಬ ಭಯದಿಂದ ಕೈಬಿಟ್ಟಿದ್ದೇವೆ.

ಎರಡನೆಯವರು ಸ್ಥಾವರವಾದಿಗಳು: ಇದ್ದಲ್ಲೇ ಇರಲಿ. ಇವರನ್ನು ಸೋಮಾರಿಗಳೆಂದು ಹಳಿಯುವುದು ವಾಡಿಕೆಯಾದರೂ ಇವರ ಪಕ್ಷದಲ್ಲಿ ಹುರುಳಿದೆ. ದೊಡ್ಡ ಕಂಪನಿಗಳು ಸಗಟು ದರದಲ್ಲಿ ಫಂಡ್ ಕೊಳ್ಳುತ್ತವೆ. ಅಂಥ ಅಗ್ಗದ ಯೋಜನೆಯಿಂದ ಹೊರಬಿದ್ದು ಚಿಲ್ಲರೆ ಅಂಗಡಿಗೆ ಹೋಗುವುದು ಜಾಣತನವಲ್ಲ. ಐವತ್ತೈದು ತುಂಬುವ ವರ್ಷದಲ್ಲೋ ಆಮೇಲೋ ಕೆಲಸ ಬಿಟ್ಟವನು ಆ ಕಂಪನಿಯ 401(ಕೆ)ಯಿಂದ ದಂಡವಿಲ್ಲದೆ ಹಣ ತೆಗೆಯಬಹುದು; ಐಆರ್‌ಎಗೆ ಸಾಗಿಸಿದ ಕೂಡಲೇ ಆ ಸೌಲಭ್ಯ ಹೋಯಿತು. ಸಾಲಗಾರರು ಬೆನ್ನತ್ತಿದರೂ ಎರಿಸಾ ಕಾಯ್ದೆಯ ಗೋಡೆ ಗಟ್ಟಿ. ಐಆರ್‌ಎಯ ಗೋಡೆ, ದಿವಾಳಿ ಪ್ರಕರಣದ ಹೊರಗೆ, ರಾಜ್ಯದಿಂದ ರಾಜ್ಯಕ್ಕೆ ಬೇರೆ ಬೇರೆ ಎತ್ತರದ್ದು.

ಮೂರನೆಯವರು ಜಂಗಮವಾದಿಗಳು: ನಡೆ, ಮತ್ತು ನಿನ್ನದನ್ನು ನಡೆಸಿಕೊಂಡು ನಡೆ. ಹಳೆಯ ಕಂಪನಿಯನ್ನು ಇನ್ನೊಂದು ನುಂಗುತ್ತದೆ, ಅದನ್ನು ಮತ್ತೊಂದು ನುಂಗುತ್ತದೆ, ಖಾತೆ ನೋಡಿಕೊಳ್ಳುವ ಸಂಸ್ಥೆ ಬದಲಾಗುತ್ತದೆ, ಪತ್ರಗಳು ನೀವೆಂದೋ ಖಾಲಿ ಮಾಡಿದ ಅಪಾರ್ಟ್‌ಮೆಂಟಿಗೆ ಹೋಗುತ್ತವೆ. ಕಳೆದುಹೋದ ಖಾತೆಗಳನ್ನು ಹುಡುಕಿಕೊಡಲು ಅಮೆರಿಕದ ಕಾರ್ಮಿಕ ಇಲಾಖೆ 2024ರ ಕೊನೆಯಲ್ಲಿ 'ಲಾಸ್ಟ್ ಅಂಡ್ ಫೌಂಡ್' ಎಂಬ ಹೆಸರಿನ ಒಂದು ವ್ಯವಸ್ಥೆಯನ್ನೇ ತೆರೆಯಬೇಕಾಯಿತೆಂದರೆ ಮರೆವಿನ ವ್ಯಾಪ್ತಿ ತಿಳಿದೀತು. ಖಾತೆಯಲ್ಲಿ 7,000 ಡಾಲರಿಗಿಂತ ಕಡಿಮೆ ಇದ್ದರಂತೂ ಸ್ಥಾವರವಾದಕ್ಕೆ ಎಡೆಯೇ ಇಲ್ಲ. ಕಂಪನಿ ತಾನೇ ಅದನ್ನು ಹೊರದಬ್ಬಬಹುದು.

ನಮ್ಮ ನಿರ್ಣಯ ಮುಲಾಜಿಲ್ಲದ್ದು. ಹಳೆಯ ಯೋಜನೆ ಅಗ್ಗವಾಗಿದ್ದರೆ ಸ್ಥಾವರವೇ ಸರಿ, ದುಬಾರಿಯಾಗಿದ್ದರೆ ಜಂಗಮ. ಯಾವುದೆಂದು ತಿಳಿಯಲು ಯೋಜನೆಯ ಶುಲ್ಕಪತ್ರವನ್ನು ಓದಬೇಕು. ವೇದಾಂತ ಓದಿದವರು ಸಿಕ್ಕಾರು. ಶುಲ್ಕಪತ್ರ ಓದಿದವರನ್ನು ನಾವಿನ್ನೂ ಕಂಡಿಲ್ಲ.

ಈಗ ಪರಕಾಯ ಪ್ರವೇಶ ಪ್ರಕರಣ. ಹಣ ಹಳೆಯ ಕಾಯವನ್ನು ಬಿಟ್ಟು ಹೊಸ ಕಾಯವನ್ನು ಸೇರುವ ಮಾರ್ಗಗಳು ಎರಡು. ಪ್ರತ್ಯಕ್ಷ ಮಾರ್ಗದಲ್ಲಿ ಹಳೆಯ ಸಂಸ್ಥೆ ಹೊಸ ಸಂಸ್ಥೆಗೇ ಹಣ ಕಳಿಸುತ್ತದೆ. ಡೈರೆಕ್ಟ್ ರೋಲ್‌ಓವರ್ ಎಂದು ಫೋನಿನಲ್ಲಿ ಸ್ಪಷ್ಟವಾಗಿ, ಬೇಕಾದರೆ ಎರಡು ಸಲ, ಹೇಳತಕ್ಕದ್ದು. ಪರೋಕ್ಷ ಮಾರ್ಗದಲ್ಲಿ ಹಣ ನಿಮ್ಮ ಕೈಗೇ ಬರುತ್ತದೆ, ಅರುವತ್ತು ದಿನಗಳೊಳಗೆ ನೀವೇ ಐಆರ್‌ಎಗೆ ಹಾಕಬೇಕು. ಶಂಕರಾಚಾರ್ಯರು ಅಮರುಕ ರಾಜನ ದೇಹವನ್ನು ಹೊಕ್ಕಾಗಲೂ ಒಂದು ಗಡುವಿತ್ತು. ಗಡುವು ಮೀರುವುದನ್ನು ಕಂಡು ಶಿಷ್ಯರು ಹಾಡಿನ ನೆಪದಲ್ಲಿ ಅರಮನೆಗೆ ಹೋಗಿ ಎಚ್ಚರಿಸಿದರೆಂದು ಕಥೆ. ಅಮೆರಿಕದ ತೆರಿಗೆ ಇಲಾಖೆಗೆ ಹಾಡುವ ಶಿಷ್ಯರಿಲ್ಲ.

ಅದಕ್ಕಿಂತ ಘೋರವಾದದ್ದು ಬೇರೆ ಇದೆ. ಪರೋಕ್ಷ ಮಾರ್ಗದಲ್ಲಿ ಶೇ. 20ನ್ನು ತೆರಿಗೆಗೆಂದು ಮೊದಲೇ ಮುರಿದುಕೊಳ್ಳುವುದು ಕಡ್ಡಾಯ. 50,000 ಡಾಲರ್ ಕೇಳಿದವನ ಕೈಗೆ ಬರುವುದು 40,000. ಆದರೆ ಗಡುವಿನೊಳಗೆ ಹಾಕಬೇಕಾದದ್ದು ಪೂರ್ತಿ 50,000. ಉಳಿದ ಹತ್ತು ಸಾವಿರ ಎಲ್ಲಿಂದ? ಸ್ವಂತ ಜೇಬಿನಿಂದ. ಮುರಿದುಕೊಂಡದ್ದು ಮುಂದಿನ ತೆರಿಗೆ ಲೆಕ್ಕದಲ್ಲಿ ವಾಪಸು ಬರುತ್ತದೆ, ನಿಜ. ಅಲ್ಲಿಯವರೆಗೆ ನಿಮ್ಮ ಹಣವನ್ನು ನಿಮ್ಮದೆಂದು ಸಾಬೀತು ಮಾಡಲು ನೀವೇ ಸಾಲ ಮಾಡಬೇಕು. ನಲವತ್ತನ್ನೇ ಹಾಕಿ ಕೈಮುಗಿದರೆ ಆ ಹತ್ತು ಸಾವಿರ ನೀವು ಉಂಡದ್ದೆಂದು ಲೆಕ್ಕ. ಅದಕ್ಕೆ ತೆರಿಗೆ, ವಯಸ್ಸು ಸಾಲದಿದ್ದರೆ ಮೇಲೊಂದು ಸಾವಿರ ದಂಡ.

ಪರೋಕ್ಷ ಮಾರ್ಗದ ಪಂಡಿತರಿಗೊಂದು ದೃಷ್ಟಾಂತ. ಆಲ್ವನ್ ಬಾಬ್ರೋ ಎಂಬವರು ತೆರಿಗೆ ವಕೀಲರು. ತಮ್ಮ ಒಂದಕ್ಕಿಂತ ಹೆಚ್ಚು ಐಆರ್‌ಎಗಳಿಂದ ಒಂದೇ ವರ್ಷದಲ್ಲಿ ಹಣ ತೆಗೆದು ಅರುವತ್ತು ದಿನದ ಆಟ ಆಡಿದರು. ಐಆರ್‌ಎಯಿಂದ ಐಆರ್‌ಎಗೆ ಪರೋಕ್ಷ ಸಾಗಣೆ ವರ್ಷಕ್ಕೊಮ್ಮೆ ಮಾತ್ರ ಎಂಬ ನಿಯಮ ಪ್ರತಿ ಖಾತೆಗೂ ಬೇರೆ ಬೇರೆ ಎಂದು ತೆರಿಗೆ ಇಲಾಖೆಯ ಕೈಪಿಡಿಯಲ್ಲೇ ಬರೆದಿತ್ತು. 2014ರಲ್ಲಿ ಟ್ಯಾಕ್ಸ್ ಕೋರ್ಟ್, ಹಾಗಲ್ಲ, ಎಲ್ಲ ಐಆರ್‌ಎಗಳೂ ಸೇರಿ ವರ್ಷಕ್ಕೆ ಒಂದೇ ಸಲ ಎಂದು ತೀರ್ಪಿತ್ತಿತು. ಕೈಪಿಡಿ ಸ್ಮೃತಿ, ಕಾಯ್ದೆ ಶ್ರುತಿ. ವಿರೋಧ ಬಂದಾಗ ಯಾವುದು ಗೆಲ್ಲುತ್ತದೆಂಬುದು ನಮ್ಮ ಮೀಮಾಂಸಕರಿಗೆ ಮೊದಲೇ ಗೊತ್ತಿತ್ತು. 401(ಕೆ)ಯಿಂದ ಐಆರ್‌ಎಗೆ ಬರುವ ಹಣಕ್ಕೆ ಈ ನಿಯಮ ತಟ್ಟುವುದಿಲ್ಲವೆಂಬುದು ಓದುಗರ ಪುಣ್ಯ.

ಪ್ರತ್ಯಕ್ಷ ಮಾರ್ಗವೂ ಹೆಸರಿನಷ್ಟು ಪ್ರತ್ಯಕ್ಷವಲ್ಲ. ಚೆಕ್ಕು ಎಷ್ಟೋ ಸಲ ಬಂದು ಬೀಳುವುದು ನಿಮ್ಮ ಅಂಚೆಪೆಟ್ಟಿಗೆಗೇ, ಪಿಜ್ಜಾ ಕೂಪನ್ನು ಮತ್ತು ಪಟೇಲ್ ಬ್ರದರ್ಸ್‌ನ ಮಾವಿನಹಣ್ಣಿನ ಜಾಹೀರಾತಿನ ನಡುವೆ. ಹೆದರಬೇಡಿ. ಯಾರಿಗೆ ಸಲ್ಲಬೇಕು ಎಂಬಲ್ಲಿ ಹೊಸ ಸಂಸ್ಥೆಯ ಹೆಸರು, ಅದರ ಕೆಳಗೆ 'ಎಫ್‌ಬಿಒ' ಎಂಬ ಮೂರಕ್ಷರ, ಅಂದರೆ ಇಂಥವರ ಸಲುವಾಗಿ, ಆಮೇಲೆ ನಿಮ್ಮ ಹೆಸರು. ಹೀಗಿದ್ದರೆ ಚೆಕ್ಕು ನಿಮ್ಮ ಕೈ ದಾಟಿದರೂ ಹಣ ನಿಮ್ಮನ್ನು ಮುಟ್ಟಿಲ್ಲವೆಂದೇ ಶಾಸ್ತ್ರ. ಮಡಿಯಲ್ಲಿರುವ ಹಣ ಎನ್ನಬಹುದು.

ಕನ್ನಡಿಗನಿಗೆ ಎಡವಟ್ಟಾಗುವುದು ಮೂರನೆಯ ಸಾಲಿನಲ್ಲಿ. ಊರು, ಅಪ್ಪ, ತಾನು ಎಂಬ ಕ್ರಮದಲ್ಲಿ ಇಟ್ಟ ಹೆಸರನ್ನು ಅಮೆರಿಕದ ಅರ್ಜಿಗಳು ಒಂದೊಂದು ಕಡೆ ಒಂದೊಂದು ಬಗೆಯಲ್ಲಿ ಕೊಯ್ದಿರುತ್ತವೆ. ಹಳೆಯ ಖಾತೆಯಲ್ಲಿ ಹೊಳೆನರಸೀಪುರ ಮನೆತನದ ಹೆಸರಾಗಿ ಜಾಗ ಸಾಲದೆ 'ಹೊಳೆನರಸೀ'ಗೆ ನಿಂತಿರುತ್ತದೆ; ಹೊಸದರಲ್ಲಿ ಬರೀ ಎಚ್ ಉಳಿದು ಅಪ್ಪ ಮನೆತನವಾಗಿರುತ್ತಾನೆ. ಇಬ್ಬರೂ ಒಬ್ಬನೇ ಎಂಬ ಅದ್ವೈತವನ್ನು ಫೋನಿನಲ್ಲಿ ಸಾಧಿಸುವ ಹೊತ್ತಿಗೆ ಮಧ್ಯಾಹ್ನ ಕಳೆದಿರುತ್ತದೆ. ಚೆಕ್ಕು ಬರೆಸುವ ಮೊದಲೇ ಎರಡೂ ಕಡೆ ಹೆಸರು ಒಂದು ಮಾಡಿಸಿಕೊಂಡವನೇ ಜ್ಞಾನಿ.

ಖರ್ಚಿನ ಮಾತು. ವ್ಯಾನ್‌ಗಾರ್ಡ್, ಫಿಡೆಲಿಟಿ, ಶ್ವಾಬ್ ಮೊದಲಾದ ಕಡೆ ಐಆರ್‌ಎ ತೆರೆಯಲು ಕಾಸಿಲ್ಲ. ಹಳೆಯ ಯೋಜನೆ ಖಾತೆ ಮುಚ್ಚಲು ಸಣ್ಣ ಶುಲ್ಕ ಕೇಳಬಹುದು, ತುರ್ತು ಅಂಚೆಗೆಂದು ಇನ್ನೊಂದಿಷ್ಟು. ಅಂಚೆಯ ದುಡ್ಡಿಗೆ ಹೊಟ್ಟೆ ಉರಿದುಕೊಳ್ಳುವವರೇ ಬಾಗಿಲಲ್ಲಿ ಕಾದಿರುವ ಸಲಹೆಗಾರನಿಗೆ ನಗುನಗುತ್ತಾ ವರ್ಷಕ್ಕೆ ಶೇ. 1 ಬರೆದುಕೊಡುತ್ತಾರೆ. ಒಂದು ಪರ್ಸೆಂಟ್ ತಾನೇ! ಒಂದು ಲಕ್ಷ ಡಾಲರ್ ವರ್ಷಕ್ಕೆ ಶೇ. 7ರಂತೆ ಮೂವತ್ತು ವರ್ಷ ಬೆಳೆಯಿತೆನ್ನಿ. ಶುಲ್ಕ ಶೇ. 0.05 ಆದರೆ ಕೊನೆಗೆ ಸುಮಾರು 7.5 ಲಕ್ಷ. ಶೇ. 1.05 ಆದರೆ ಸುಮಾರು 5.66 ಲಕ್ಷ. ನಡುವಿನ 1.84 ಲಕ್ಷ ಡಾಲರ್ ಆ ಒಂದು ಪರ್ಸೆಂಟಿನ ಲೀಲೆ. ಇಟ್ಟ ಬಂಡವಾಳಕ್ಕಿಂತ ಸಲಹೆಯೇ ದೊಡ್ಡದಾಯಿತು.

ಆ ಸಲಹೆಗಾರನಿಗೆ ನಿಮ್ಮ ಹಿತವನ್ನೇ ಮುಂದಿಡುವ ಧರ್ಮವಿದೆಯೇ? ಇಲ್ಲಿ ಅಮೆರಿಕನ್ ಮೀಮಾಂಸೆ ನಮ್ಮದನ್ನು ಮೀರಿಸುತ್ತದೆ. ಎರಿಸಾದ ಅಡಿ 1975ರಲ್ಲಿ ಬಂದ ನಿಯಮದ ಪ್ರಕಾರ, ಆ ಧರ್ಮ ಅಂಟಬೇಕಾದರೆ ಸಲಹೆ ಆಗಾಗ್ಗೆ ಕೊಡುವಂಥದ್ದಾಗಿರಬೇಕು. ರೋಲ್‌ಓವರ್ ನಡೆಯುವುದು ಒಮ್ಮೆ. ಆದಕಾರಣ ಜೀವಮಾನದ ಅತಿ ದೊಡ್ಡ ಹಣದ ನಿರ್ಧಾರಕ್ಕೆ ಒಮ್ಮೆ ಕೊಟ್ಟ ಸಲಹೆ ಸಲಹೆಯೇ ಅಲ್ಲ! ಇದನ್ನು ತಿದ್ದಲು ಕಾರ್ಮಿಕ ಇಲಾಖೆ ತಂದ ನಿಯಮವನ್ನು 2018ರಲ್ಲಿ ಮೇಲ್ಮನವಿ ನ್ಯಾಯಾಲಯ ರದ್ದು ಮಾಡಿತು. 2024ರಲ್ಲಿ ಮತ್ತೊಂದು ತಂದಾಗ ಅದು ಜಾರಿಗೆ ಬರುವ ಮೊದಲೇ ಟೆಕ್ಸಾಸ್‌ನ ಫೆಡರಲ್ ಕೋರ್ಟುಗಳು ತಡೆಯಾಜ್ಞೆ ಕೊಟ್ಟವು. ಹಾಗಾಗಿ ಸಂಭಾವನೆ ಯಾರಿಂದ, ಎಷ್ಟು, ಪ್ರತಿವರ್ಷವೂ ಹೌದೇ ಎಂದು ಕೇಳುವ ಧರ್ಮ ಕೇಳುವವನದೇ. ಉತ್ತರದಲ್ಲಿ 'ಆನ್ಯುಯಿಟಿ' ಎಂಬ ಶಬ್ದ ಬಂದರೆ ಕಾಫಿ ಮುಗಿಸಿ ಎದ್ದುಬಿಡಬಹುದು.

ಹೆಚ್ಚು ಸಂಬಳದ ದಂಪತಿಗೆ ಇನ್ನೊಂದು ಕೊಕ್ಕೆ ಕಾದಿದೆ. ಡೆಲವೇರ್‌ನ ಸೆನೆಟರ್ ವಿಲಿಯಂ ರಾತ್ ಹೆಸರಿನಲ್ಲಿ 1998ರಿಂದ ನಡೆದುಬಂದ, ತೆರಿಗೆ ಕಟ್ಟಿದ ಹಣ ಹಾಕಿ ಮುಪ್ಪಿನಲ್ಲಿ ತೆರಿಗೆಯಿಲ್ಲದೆ ತೆಗೆಯುವ ರಾತ್ ಐಆರ್‌ಎಗೆ ಇವರು ಮುಂಬಾಗಿಲಿನಿಂದ ಹೋಗುವಂತಿಲ್ಲ. ಸಾಂಪ್ರದಾಯಿಕ ಐಆರ್‌ಎಗೆ ತೆರಿಗೆ ಕಟ್ಟಿದ ಹಣ ಹಾಕಿ, ಅಲ್ಲಿಂದ ರಾತ್‌ಗೆ ದಾಟಿಸುವ ಹಿತ್ತಿಲ ಬಾಗಿಲನ್ನು ಹಿಡಿಯುತ್ತಾರೆ. ಹಳೆಯ 401(ಕೆ)ಯ ತೆರಿಗೆ ಕಟ್ಟದ ಹಣವನ್ನೂ ಅದೇ ಸಾಂಪ್ರದಾಯಿಕ ಐಆರ್‌ಎಗೆ ತಂದರೆ ಹಿತ್ತಿಲು ಮುಚ್ಚಿದಂತೆ. ಅಂಥ 93,000 ಇರುವಲ್ಲಿಗೆ 2025ರ ಮಿತಿಯಾದ 7,000 ಡಾಲರ್ ಸೇರಿಸಿ, ಏಳೇ ಸಾವಿರ ದಾಟಿಸಿದರೂ ಅದರ ಶೇ. 93ರ ಮೇಲೆ ತೆರಿಗೆ ಬೀಳುತ್ತದೆ. ಹುಳಿ ಕಲಸಿದ ಮೇಲೆ ತಟ್ಟೆಯಿಂದ ಬರೀ ಅನ್ನದ ತುತ್ತು ಎತ್ತಲಾಗದು. ಇಂಥವರು ಹಳೆಯದನ್ನು ಹೊಸ ಕಂಪನಿಯ 401(ಕೆ)ಗೇ ಸಾಗಿಸುವುದು ಲೇಸು, ಅದು ಒಳಗೆ ಬಿಟ್ಟುಕೊಂಡರೆ.

ಊರಿಗೆ ಮರಳುವವರ ವಿಚಾರ. ಮೈಸೂರಿನ ಸರಸ್ವತಿಪುರಂ ವಿಳಾಸ ಕೊಟ್ಟು ಐಆರ್‌ಎ ತೆರೆಯುತ್ತೇನೆಂದರೆ ಬಹಳಷ್ಟು ಸಂಸ್ಥೆಗಳು ಮುಖ ತಿರುಗಿಸುತ್ತವೆ. ವಿಮಾನ ಹತ್ತುವ ಮೊದಲೇ ಸಾಗಣೆ ಮುಗಿಸತಕ್ಕದ್ದು. ಅಲ್ಲಿ ನಿವಾಸಿಯಲ್ಲದವನಾದ ಮೇಲೆ ಹಣ ತೆಗೆದರೆ ಸಾಮಾನ್ಯವಾಗಿ ಶೇ. 30 ಮುರಿದುಕೊಂಡೇ ಕೊಡುತ್ತಾರೆ. ಇತ್ತ ಭಾರತದಲ್ಲಿ, ಖಾತೆಯೊಳಗೆ ಬೆಳೆಯುವ ಲಾಭಕ್ಕೆ ವರ್ಷವರ್ಷವೂ ತೆರಿಗೆಯೋ, ತೆಗೆದಾಗಲೋ ಎಂಬ ಗೊಂದಲಕ್ಕೆ 2021ರಲ್ಲಿ ಅಂದಿನ ಆದಾಯ ತೆರಿಗೆ ಕಾಯ್ದೆಗೆ ಸೇರಿದ 89ಎ ಸೆಕ್ಷನ್ ಪರಿಹಾರ ಸೂಚಿಸಿತು: ನಿಗದಿತ ನಮೂನೆ ತುಂಬಿಕೊಟ್ಟರೆ, ಅಲ್ಲಿ ತೆಗೆದಾಗಲೇ ಇಲ್ಲೂ ತೆರಿಗೆ. ಅಮೆರಿಕ, ಬ್ರಿಟನ್, ಕೆನಡಾಗಳಿಗೆ ಮಾತ್ರ ಈ ಭಾಗ್ಯ.

ಹಣ ಐಆರ್‌ಎ ಸೇರಿತೆಂಬ ಈಮೇಲ್ ಬಂದ ರಾತ್ರಿ ಪಾಯಸ ಮಾಡಿ ಮಲಗಿಬಿಡುವವರಿದ್ದಾರೆ. ಹಣ ಬಂದಿರುವುದು ನಗದಾಗಿ. ಹೊಸ ಕಾಯ ಹೊಕ್ಕಿದೆ, ಉಸಿರಾಡುತ್ತಿಲ್ಲ. ಮಾಲೀಕ ತಾನೇ ಹೋಗಿ ಇಂಡೆಕ್ಸ್ ಫಂಡ್ ಕೊಳ್ಳುವವರೆಗೂ ಅದು ಹಾಗೇ ಕೂತಿರುತ್ತದೆ, ವರ್ಷಗಟ್ಟಲೆ ಬೇಕಾದರೂ.

ಮರುವರ್ಷದ ಆರಂಭದಲ್ಲಿ 1099-ಆರ್ ಎಂಬ ಪತ್ರ ಬರುತ್ತದೆ. ಮೊದಲ ಚೌಕದಲ್ಲಿ ಸಾಗಿಸಿದ ಇಡೀ ಮೊತ್ತ ಕಂಡು ಎದೆ ಧಸಕ್ಕೆನ್ನುವುದು ಸಹಜ. ಏಳನೆಯ ಚೌಕ ನೋಡಿ. ಅಲ್ಲಿ 'ಜಿ' ಎಂದಿದ್ದು, ತೆರಿಗೆಗೊಳಪಡುವ ಮೊತ್ತದ ಚೌಕದಲ್ಲಿ ಸೊನ್ನೆಯಿದ್ದರೆ ಪ್ರತ್ಯಕ್ಷ ಮಾರ್ಗ ಸಿದ್ಧಿಸಿದೆ. ತೆರಿಗೆ ಅರ್ಜಿಯಲ್ಲಿ ಹಾಗೆಯೇ ಬರೆದು ಮುಗಿಸಿ. 'ಜಿ' ಇರಬೇಕಾದಲ್ಲಿ '1' ಇದ್ದರೆ ನೀವು ಅವಧಿಗೆ ಮುಂಚೆ ಹಣ ಉಂಡವರೆಂದು ಅವರು ಬರೆದಿದ್ದಾರೆ. ತಿದ್ದಿಸಬೇಕು, ಫೋನ್ ಮಾಡಿ. ನಿಮ್ಮ ಕರೆ ನಮಗೆ ಅಮೂಲ್ಯ ಎಂಬ ಧ್ವನಿಯಾದ ಮೇಲೆ ಸಂಗೀತ ಶುರುವಾಗುತ್ತದೆ. ಅದರ ರಾಗ ಯಾವುದೆಂಬುದನ್ನು ಎರಡನೆಯ ಸಂಪುಟದಲ್ಲಿ ನಿರ್ಣಯಿಸಲಾಗುವುದು; ಸಾಮಗ್ರಿ ಹೇರಳವಾಗಿದೆ.