ಪುಟ್ಟಸ್ವಾಮಿಯ ಬೆರಕೆ ಸೊಪ್ಪು

ಇಂಗ್ಲೆಂಡಿನಲ್ಲಿ ಗೃಹಸ್ಥನ ಮರ್ಯಾದೆ ಇರುವುದು ಹಿತ್ತಲಿನ ಹುಲ್ಲುಹಾಸಿನಲ್ಲಿ. ಹಸಿರಿನ ನಡುವೆ ಒಂದು ಹಳದಿ ಹೂ ತಲೆಯೆತ್ತಿದರೂ ಸಾಕು, ಕಳೆನಾಶಕದ ಡಬ್ಬಿ ಹೊರಬರುತ್ತದೆ. ರೆಡಿಂಗಿನ ನಮ್ಮ ಮನೆಯಲ್ಲಿ ಮಾತ್ರ ಹುಲ್ಲು ಕಿತ್ತು ಕಳೆ ಬೆಳೆಸುತ್ತೇವೆ. ಬೇಲಿಯಾಚೆಯ ಅಜ್ಜ ನನ್ನನ್ನು ಕಂಡಾಗಲೆಲ್ಲ ಹವಾಮಾನದ ಮಾತಾಡಿ ಬೇಗ ಒಳಗೆ ಹೋಗುತ್ತಾರೆ.

ಇದಕ್ಕೆಲ್ಲ ಕಾರಣ ಪುಟ್ಟಸ್ವಾಮಿ. ಮಗಳ ಹಠಕ್ಕೆ ಮನೆ ಸೇರಿದ ಹರ್ಮನ್ ಜಾತಿಯ ಆಮೆ. ಮೂಲ ದಕ್ಷಿಣ ಯುರೋಪು, ಕಾಗದಪತ್ರ ನನ್ನ ವೀಸಾಗಿಂತ ಅಚ್ಚುಕಟ್ಟು. ಲೆಟ್ಯೂಸ್ ಹಾಕಿ ನಿಶ್ಚಿಂತೆಯಾಗಿರೋಣ ಎಂದುಕೊಂಡರೆ ಅದು ಬರೀ ನೀರಂತೆ. ಸೌತೆಕಾಯಿಯೂ ಅಷ್ಟೇ. ಹಣ್ಣು ಕೊಟ್ಟರೆ ಹೊಟ್ಟೆ ಕೆಡುತ್ತದೆ. ಬೇಕಾದದ್ದು ನಾರು, ಮತ್ತು ಚಿಪ್ಪು ಗಟ್ಟಿಯಾಗಲು ಕ್ಯಾಲ್ಸಿಯಂ. ಡ್ಯಾಂಡಲಿಯನ್ ಎಲೆಯಲ್ಲಿ ರಂಜಕದ ಸುಮಾರು ಮೂರರಷ್ಟು ಕ್ಯಾಲ್ಸಿಯಂ ಇದೆ. ಅಂದರೆ ಊರೆಲ್ಲ ವಿಷ ಹೊಡೆದು ಸಾಯಿಸುವ ಗಿಡವೇ ಪುಟ್ಟಸ್ವಾಮಿಯ ಮೃಷ್ಟಾನ್ನ.

ಗುರುತು ಹಿಡಿದು ಕೀಳುವ ಕೆಲಸ ನನ್ನ ಪಾಲಿಗೆ ಬಂತು. ನಾನೋ, ಮೆಂತ್ಯ ಸೊಪ್ಪು ತರಲು ಹೋದರೂ ಅಂಗಡಿಯಿಂದ ಫೋಟೊ ಕಳಿಸಿ ಹೆಂಡತಿಯ ಅನುಮೋದನೆ ಪಡೆಯುವ ಗಿರಾಕಿ. ಹಳದಿ ಹೂವೆಲ್ಲ ನನಗೆ ಡ್ಯಾಂಡಲಿಯನ್ನೇ. ಹಾಗಲ್ಲ ಎಂದು ಮಗಳು ಪಾಠ ಮಾಡಿದಳು: ಡ್ಯಾಂಡಲಿಯನ್ ಎಲೆ ನೆಲಕ್ಕೆ ಅಂಟಿರುತ್ತದೆ, ಟೊಳ್ಳು ದಂಟಿಗೆ ಒಂದೇ ಹೂ, ಮುರಿದರೆ ಹಾಲು. ಸೋ ಥಿಸಲ್ ಆದರೆ ದಂಟಿನುದ್ದಕ್ಕೂ ಎಲೆ, ಹೂ ಹಲವು, ಅದರಲ್ಲೂ ಹಾಲು. ಎರಡನ್ನೂ ಕೊಡಬಹುದು. ಗ್ರೌಂಡ್‌ಸೆಲ್ ಹೂವೂ ಹಳದಿಯೇ, ಆದರೆ ಹಾಲಿಲ್ಲ; ತಿಂದರೆ ಯಕೃತ್ತಿಗೆ ಕೇಡು.

ಹಾಲು ಬಂದರೆ ಊಟ, ಬಾರದಿದ್ದರೆ ವಿಷ ಎಂಬ ಸುಲಭ ಸೂತ್ರ ಕಟ್ಟಿಕೊಂಡು ನಾನು ಎದೆಯುಬ್ಬಿಸಿದೆ. ‘ಸ್ಪರ್ಜ್ ಗಿಡದಲ್ಲೂ ಹಾಲು ಬರುತ್ತೆ ಅಪ್ಪ, ಅದು ವಿಷ. ಚಿಕ್‌ವೀಡ್‌ನಲ್ಲಿ ಹಾಲಿಲ್ಲ, ಅದು ಊಟ’ ಎಂದಳು. ಎದೆ ಯಥಾಸ್ಥಾನಕ್ಕೆ ಮರಳಿತು.

ಆಗ ಮಂಡ್ಯದಿಂದ ಅತ್ತೆ ಬಂದರು. ಹಿತ್ತಲಿಗೆ ಕಾಲಿಟ್ಟವರೇ ಬಗ್ಗಿ, ಒಂದು ಎಲೆ ಹೊಸಕಿ ಮೂಸಿದರು. ‘ಅಳಿಯಂದ್ರೇ, ಚಕ್ಕೋತನ ಸೊಪ್ಪು ಕಣ್ರೀ ಇದು! ಇದನ್ನ ಕಾಲಡಿ ತುಳೀತಾ ಇದೀರಲ್ಲ!’ ಇಲ್ಲಿಯವರು ಫ್ಯಾಟ್ ಹೆನ್ ಎನ್ನುವ ಕಳೆ, ನಮ್ಮೂರ ಸಂತೆಯಲ್ಲಿ ಕಟ್ಟು ಕಟ್ಟಿ ಮಾರುವ ಅದೇ ಗಿಡ. ಅದರಲ್ಲಿ ಆಕ್ಸಲಿಕ್ ಆಮ್ಲ ಇದೆ, ಕ್ಯಾಲ್ಸಿಯಂ ಮೈಗೆ ಹತ್ತಗೊಡುವುದಿಲ್ಲ, ಆಮೆಗೆ ಅಪರೂಪಕ್ಕೊಮ್ಮೆ ಮಾತ್ರ ಎಂದು ಮಗಳು ವಿವರಿಸಿದಳು. ‘ಅವನಿಗೆ ಬೇಡದಿದ್ರೆ ನಮಗೆ ಇರಲಿ’ ಎಂದು ಅತ್ತೆ ಮಡಿಲು ತುಂಬಿಕೊಂಡರು. ಅಂದಿನ ಮಸ್ಸೊಪ್ಪು, ಮುದ್ದೆ ಬಗ್ಗೆ ನಾನು ಏನೂ ಬರೆಯುವುದಿಲ್ಲ, ಓದುವವರಿಗೆ ಹೊಟ್ಟೆಯುರಿಯಾಗಬಾರದು. ಆಮೆ ತಿರಸ್ಕರಿಸಿದ್ದು ಅಳಿಯನಿಗೆ ಎಂಬ ನಿಯಮ ಅಂದೇ ಜಾರಿಗೆ ಬಂತು.

ಅತ್ತೆಗೆ ಒಪ್ಪಿಗೆಯಾಗದ ಸಂಗತಿ ಒಂದೇ. ಚಳಿಗಾಲದಲ್ಲಿ ಪುಟ್ಟಸ್ವಾಮಿ ಉಪವಾಸ ಮುಗಿಸಿ, ಐದು ಡಿಗ್ರಿ ಆಸುಪಾಸಿನ ಫ್ರಿಜ್ಜಿನಲ್ಲಿ ನಿದ್ದೆ ಹೋಗುತ್ತಾನೆ. ಇಲ್ಲಿ ಅದೇ ರೂಢಿ. ‘ಜೀವ ಇರೋದನ್ನ ಫ್ರಿಜ್ಜಲ್ಲಿ ಇಡೋ ಮನೆಗೆ ಮಗಳನ್ನ ಕೊಟ್ಟೆವಾ?’ ಎಂದು ಊರಿಗೆ ಫೋನ್ ಹೋಯಿತು. ಇದಕ್ಕೆಂದೇ ಬೇರೆ ಫ್ರಿಜ್ ಇದೆ, ಆಗಾಗ ಬಾಗಿಲು ತೆಗೆದು ಗಾಳಿ ಆಡಿಸುತ್ತೇವೆ ಎಂದರೂ ಪ್ರಯೋಜನವಾಗಲಿಲ್ಲ.

ಹೆಸರಿನ ಬಗ್ಗೆಯೂ ನನಗೆ ಖಾತ್ರಿಯಿಲ್ಲ. ಹ್ಯಾಂಪ್‌ಶೈರಿನ ಸೆಲ್ಬೋರ್ನ್‌ನಲ್ಲಿ ಗಿಲ್ಬರ್ಟ್ ವೈಟ್ ಎಂಬ ಪಾದ್ರಿ 1780ರಿಂದ ಟಿಮೊಥಿ ಎಂಬ ಆಮೆಯನ್ನು ಸಾಕಿ, ಅದರ ದಿನಚರಿ ಬರೆದಿಟ್ಟರು. ಅದು ಹೆಣ್ಣು ಎಂದು ತಿಳಿದದ್ದು ಆಮೇಲೆ. ಅಂಥ ಪ್ರಕೃತಿತಜ್ಞನ ಗತಿಯೇ ಹೀಗಾದರೆ ಮೆಂತ್ಯ ಗೊತ್ತಿಲ್ಲದವನ ಪಾಡೇನು? ನಮ್ಮ ಪುಟ್ಟಸ್ವಾಮಿ ಎಂದಾದರೂ ಮೊಟ್ಟೆಯಿಟ್ಟರೆ ಪುಟ್ಟಸ್ವಾಮಮ್ಮ ಎಂದು ಕರೆಯಲು ಸಿದ್ಧನಿದ್ದೇನೆ.

ಇದನ್ನೋದಿ ಊರಿನಲ್ಲಿ ಯಾರಿಗಾದರೂ ಆಮೆ ಸಾಕುವ ಆಸೆ ಹುಟ್ಟಿದ್ದರೆ ಒಂದು ಮಾತು. ಅದೃಷ್ಟ ತರುತ್ತದೆಂದು ಗುಟ್ಟಾಗಿ ಮಾರುವ ನಕ್ಷತ್ರ ಆಮೆಯನ್ನು ಮನೆಯಲ್ಲಿಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ದಯವಿಟ್ಟು ಅದನ್ನು ಕಾಡಿಗೇ ಬಿಡಿ, ಹಿತ್ತಲಿನ ಚಕ್ಕೋತವನ್ನು ನೀವೇ ತಿನ್ನಿ.